ಉಪಗ್ರಹಗಳನ್ನು ಒಡೆಯುವ ಅಸ್ತ್ರಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಯುದ್ಧಾಸ್ತ್ರಗಳ ವಿಷಯವಾಗಿ ಒಂದು ಲೇಖನವು ಏತಕ್ಕೆ ಬಂತೆಂದು ಕೆಲವು ವಾಚಕರಿಗೆ ಆಶ್ಚರ್ಯವಾಗಬಹುದು. ಹೆಣ್ಣುಮಕ್ಕಳ ಶಾಲೆಯ ಪುಸ್ತಕದಲ್ಲಿ ಹೊಲಿಗೆ, ಸಂಗೀತ, ಗೃಹಕೃತ್ಯ ಇವುಗಳ ಮಾತೇ ತಕ್ಕದ್ದೆಂದು ಎಣಿಸುವವರು ಇನ್ನೂ ಇದ್ದಾರೆ. ಆದರೆ ಮನೆಯೊಳಗಿನ ಬಾಳುವೆಯು ಮನೆಯ ಮೇಲಣ ಆಕಾಶದೊಂದಿಗೆ ಈಗ ಎಷ್ಟು ಹೆಣೆದುಕೊಂಡಿರುವುದೆಂಬುದನ್ನು ಬಲ್ಲವರು ಹಾಗೆ ಹೇಳಲಾರರು. ಅರಬ್ಬಿ ಸಮುದ್ರದಲ್ಲಿಯೋ ಬಂಗಾಳ ಕೊಲ್ಲಿಯಲ್ಲಿಯೋ ಬಿರುಗಾಳಿಯು ಸುಳಿಗಟ್ಟತೊಡಗಿದರೆ ಅದನ್ನು ದೂರದಿಂದಲೇ ಕಂಡುಹಿಡಿಯುವ ಕಣ್ಣು ಉಪಗ್ರಹದ್ದು. ಮೀನುಗಾರರು ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆಯು ಹೊರಡುವುದು ಆ ಕಣ್ಣು ಕಂಡುದನ್ನು ಆಧರಿಸಿಯೇ. ದೂರದರ್ಶನದ ಚಿತ್ರವೂ, ಮೊಬೈಲಿನಲ್ಲಿ ದಾರಿ ತೋರಿಸುವ ನಕ್ಷೆಯೂ, ಹಡಗು ವಿಮಾನಗಳ ಮಾರ್ಗದರ್ಶನವೂ ಉಪಗ್ರಹಗಳನ್ನೇ ನೆಚ್ಚಿಕೊಂಡಿವೆ. ನಮ್ಮ ಹಾಸನದಲ್ಲಿ ೧೯೮೨ನೆಯ ಇಸವಿಯಲ್ಲಿ ಸ್ಥಾಪಿತವಾದ ಮುಖ್ಯ ನಿಯಂತ್ರಣ ಕೇಂದ್ರವು, ಭೂಮಿಯಿಂದ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿರುವ ಭಾರತದ ಉಪಗ್ರಹಗಳನ್ನು ಹಗಲಿರುಳೆನ್ನದೆ ನೋಡಿಕೊಳ್ಳುತ್ತಲಿದೆ.

ಇಂತಹ ಉಪಗ್ರಹಗಳನ್ನು ಕುರುಡುಮಾಡುವುದಕ್ಕೂ ಒಡೆದುಹಾಕುವುದಕ್ಕೂ ಮನುಷ್ಯನು ಅಸ್ತ್ರಗಳನ್ನು ನಿರ್ಮಿಸಿರುವನು. ಅವು ಎಷ್ಟು ವಿಧ, ಎಲ್ಲೆಲ್ಲಿ ಪ್ರಯೋಗಿಸಲ್ಪಟ್ಟವು, ಅವುಗಳಿಂದ ಆದುದೇನು ಎಂಬುದನ್ನು ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ತಿಳಿಯುವಂತೆ ಇಲ್ಲಿ ವಿವರಿಸುವೆವು. ಈ ವಿಷಯದಲ್ಲಿ ಮುಖ್ಯವಾಗಿ ಮನಸ್ಸಿನಲ್ಲಿಡತಕ್ಕ ಸಂಗತಿ ಒಂದೇ. ಭೂಮಿಯ ಮೇಲೆ ಒಡೆದ ವಸ್ತುವು ನೆಲಕ್ಕೆ ಬಿದ್ದು ಸುಮ್ಮನಾಗುತ್ತದೆ. ಕಕ್ಷೆಯಲ್ಲಿ ಒಡೆದ ವಸ್ತುವಾದರೋ ಒಡನೆ ಬೀಳದೆ ನೂರಾರು ಚೂರುಗಳಾಗಿ ಸುತ್ತುತ್ತಲೇ ಇರುತ್ತದೆ. ಆ ಚೂರುಗಳಿಗೆ ಸ್ವಪಕ್ಷವೆಂತಲೂ ಪರಪಕ್ಷವೆಂತಲೂ ಭೇದವಿಲ್ಲ.

ಉಪಗ್ರಹವು ಕೆಳಗೆ ಬೀಳದೆ ಏಕೆ ನಿಂತಿದೆ ಎಂಬುದನ್ನು ಮೊದಲು ತಿಳಿಯಬೇಕು. ವಾಸ್ತವವಾಗಿ ಅದು ನಿಂತಿಲ್ಲ. ಅದು ಯಾವಾಗಲೂ ಬೀಳುತ್ತಲೇ ಇದೆ. ಐಸಾಕ್ ನ್ಯೂಟನ್ ಎಂಬ ಆಂಗ್ಲ ವಿಜ್ಞಾನಿಯು ಇದನ್ನು ಒಂದು ಉದಾಹರಣೆಯಿಂದ ತೋರಿಸಿದ್ದಾನೆ. ಅತಿ ಎತ್ತರವಾದ ಬೆಟ್ಟದ ತುದಿಯಲ್ಲಿ ಫಿರಂಗಿಯೊಂದನ್ನಿಟ್ಟು ಗುಂಡನ್ನು ಅಡ್ಡಲಾಗಿ ಹಾರಿಸಿದರೆ ಅದು ಸ್ವಲ್ಪ ದೂರ ಹೋಗಿ ಬೀಳುವುದು. ವೇಗವನ್ನು ಹೆಚ್ಚಿಸಿದಷ್ಟೂ ಹೆಚ್ಚು ದೂರದಲ್ಲಿ ಬೀಳುವುದು. ಒಂದು ವೇಗವನ್ನು ಮುಟ್ಟಿದಾಗ, ಗುಂಡು ಎಷ್ಟು ಬೀಳುವುದೋ ಭೂಮಿಯ ಮೈಯೂ ಅಷ್ಟೇ ಬಾಗಿರುವುದರಿಂದ, ಅದು ನೆಲವನ್ನು ಮುಟ್ಟದೆ ಭೂಮಿಯನ್ನು ಸುತ್ತತೊಡಗುವುದು. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಈ ವೇಗವು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಹೆಚ್ಚು. ಈ ವೇಗದಲ್ಲಿ ಹೋಗುವ ಉಪಗ್ರಹವು ಸುಮಾರು ತೊಂಬತ್ತು ನಿಮಿಷಗಳಲ್ಲಿ ಭೂಮಂಡಲವನ್ನು ಒಂದು ಸಲ ಸುತ್ತಿ ಬರುತ್ತದೆ.

ಇದರಿಂದ ಎರಡು ಫಲಗಳುಂಟು. ಮೊದಲನೆಯದು, ಉಪಗ್ರಹದ ದಾರಿಯನ್ನು ಮುಂಚಿತವಾಗಿಯೇ ಲೆಕ್ಕಹಾಕಬಹುದು. ಇಂತಹ ದಿನ, ಇಂತಹ ಗಳಿಗೆಯಲ್ಲಿ ಅದು ಇಂತಹ ಊರಿನ ಮೇಲೆ ಬರುವುದೆಂದು ಹೇಳಬಹುದು. ಆದುದರಿಂದ ಅದನ್ನು ಹೊಂಚಿ ಹೊಡೆಯುವುದು ಸಾಧ್ಯವಾಯಿತು. ಎರಡನೆಯದು, ಅದನ್ನು ಒಡೆಯಲು ಸಿಡಿಮದ್ದಿನ ಅವಶ್ಯವೇ ಇಲ್ಲ. ಅದರ ಎದುರಿಗೆ ಒಂದು ಗಟ್ಟಿ ವಸ್ತುವನ್ನು ತಂದು ನಿಲ್ಲಿಸಿದರೆ ಸಾಕು. ಅದರ ವೇಗವೇ ಅದರ ಮೃತ್ಯುವಾಗುವುದು.

ಈ ಅಸ್ತ್ರಗಳನ್ನು ನಾಲ್ಕು ವಿಧಗಳಾಗಿ ವಿಂಗಡಿಸಬಹುದು. ನೆಲದಿಂದಾಗಲಿ ಹಡಗಿನಿಂದಾಗಲಿ ವಿಮಾನದಿಂದಾಗಲಿ ನೇರವಾಗಿ ಮೇಲಕ್ಕೆ ಹಾರಿ ಉಪಗ್ರಹಕ್ಕೆ ಢಿಕ್ಕಿ ಹೊಡೆಯುವ ಕ್ಷಿಪಣಿಯು ಮೊದಲನೆಯ ವಿಧ. ತಾನೇ ಒಂದು ಉಪಗ್ರಹವಾಗಿ ಕಕ್ಷೆಯನ್ನು ಸೇರಿ, ಬೇಟೆಯ ಸಮೀಪಕ್ಕೆ ನಿಧಾನವಾಗಿ ಸರಿದು, ಅಲ್ಲಿ ಸಿಡಿದು ಅದನ್ನು ಕೆಡಿಸುವ ಯಂತ್ರವು ಎರಡನೆಯ ವಿಧ. ವಾಯುಮಂಡಲದ ಆಚೆ ಅಣುಬಾಂಬನ್ನು ಸ್ಫೋಟಿಸಿ ಸುತ್ತಣ ಉಪಗ್ರಹಗಳನ್ನೆಲ್ಲ ಒಟ್ಟಿಗೆ ಕೆಡಿಸುವುದು ಮೂರನೆಯ ವಿಧ. ಉಪಗ್ರಹವನ್ನು ಒಡೆಯದೆಯೇ ಲೇಸರ್ ಕಿರಣದಿಂದ ಅದರ ಕಣ್ಣು ಕೋರೈಸುವುದು, ರೇಡಿಯೋ ಅಲೆಗಳಿಂದ ಅದರ ಮಾತನ್ನು ಮುಚ್ಚಿಬಿಡುವುದು, ಅಥವಾ ಕಂಪ್ಯೂಟರುಗಳ ಮೂಲಕ ಅದರ ವ್ಯವಸ್ಥೆಯೊಳಕ್ಕೆ ನುಗ್ಗಿ ಕೆಲಸವನ್ನು ಕೆಡಿಸುವುದು ನಾಲ್ಕನೆಯ ವಿಧ.

ಈ ಅಸ್ತ್ರಗಳ ಚರಿತ್ರೆಯು ಉಪಗ್ರಹಗಳ ಚರಿತ್ರೆಯಷ್ಟೇ ಹಳೆಯದೆನ್ನಬಹುದು. ರಷ್ಯಾದವರ ಸ್ಪುಟ್ನಿಕ್ ಎಂಬ ಪ್ರಪ್ರಥಮ ಕೃತಕ ಉಪಗ್ರಹವು ಮೇಲೇರಿದ್ದು ೧೯೫೭ನೆಯ ಅಕ್ಟೋಬರ್ ೪ರಂದು. ಎರಡೇ ವರ್ಷಗಳ ತರುವಾಯ, ೧೯೫೯ನೆಯ ಅಕ್ಟೋಬರ್ ೧೩ರಂದು, ಅಮೇರಿಕಾದವರು ಬಾಂಬು ಹಾಕುವ ವಿಮಾನವೊಂದರಿಂದ 'ಬೋಲ್ಡ್ ಓರಿಯನ್' ಎಂಬ ಕ್ಷಿಪಣಿಯನ್ನು ಹಾರಿಸಿ, ತಮ್ಮದೇ ಆದ 'ಎಕ್ಸ್‌ಪ್ಲೋರರ್ ೬' ಎಂಬ ಉಪಗ್ರಹದಿಂದ ಆರೂವರೆ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಅದು ಹಾದುಹೋಗುವಂತೆ ಮಾಡಿದರು. ಕಕ್ಷೆಯಿಂದ ಭೂಮಿಯ ಚಿತ್ರವನ್ನು ಮೊದಲು ತೆಗೆದದ್ದು ಈ ಎಕ್ಸ್‌ಪ್ಲೋರರ್ ೬. ಭೂಮಿಯನ್ನು ನೋಡಲು ಮೇಲೇರಿದ ಕಣ್ಣಿಗೆ ಗುರಿಯಿಡುವುದನ್ನು ಮನುಷ್ಯನು ಆ ವರ್ಷವೇ ಕಲಿತುಕೊಂಡನು.

ಅಣುಬಾಂಬಿನ ಪರೀಕ್ಷೆಯು ಇನ್ನೂ ಭಯಂಕರವಾದುದು. ೧೯೬೨ನೆಯ ಜುಲಾಯಿ ೯ರಂದು ಅಮೇರಿಕಾದವರು ಪಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದ ಮೇಲೆ, ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ, 'ಸ್ಟಾರ್‌ಫಿಶ್ ಪ್ರೈಮ್' ಎಂಬ ಹೆಸರಿನಿಂದ ೧.೪ ಮೆಗಾಟನ್ ಶಕ್ತಿಯ ಬಾಂಬನ್ನು ಸ್ಫೋಟಿಸಿದರು. ಅಲ್ಲಿಂದ ಸುಮಾರು ೧,೪೦೦ ಕಿಲೋಮೀಟರ್ ದೂರದ ಹವಾಯಿಯಲ್ಲಿ ಕೆಲವು ಬೀದಿದೀಪಗಳು ಆರಿಹೋದವು. ಸ್ಫೋಟದಿಂದ ಹೊರಟ ಎಲೆಕ್ಟ್ರಾನುಗಳು ಭೂಮಿಯ ಅಯಸ್ಕಾಂತ ಕ್ಷೇತ್ರದಲ್ಲಿ ಸಿಕ್ಕಿಕೊಂಡು, ಭೂಮಿಯ ಸುತ್ತಲೂ ವಿಕಿರಣದ ಒಂದು ಕೃತಕ ಪಟ್ಟಿಯಾಗಿ ನಿಂತುಬಿಟ್ಟವು. ಆ ಪಟ್ಟಿಯೊಳಗೆ ಹಾದುಹೋದ ಹಲವು ಉಪಗ್ರಹಗಳು ಮುಂದಿನ ತಿಂಗಳುಗಳಲ್ಲಿ ಕೆಟ್ಟುಹೋದವು. ಅವುಗಳಲ್ಲಿ ಬ್ರಿಟನ್ನಿನ ಮೊಟ್ಟಮೊದಲನೆಯ ಉಪಗ್ರಹವಾದ 'ಏರಿಯಲ್ ೧' ಒಂದು. ಅದನ್ನು ಅದೇ ವರ್ಷದ ಎಪ್ರಿಲಿನಲ್ಲಿ ಕಕ್ಷೆಗೆ ಏರಿಸಿಕೊಟ್ಟವರು ಅಮೇರಿಕಾದವರೇ. ಸ್ಫೋಟದ ಮರುದಿನ ಮೇಲೇರಿದ 'ಟೆಲ್‌ಸ್ಟಾರ್' ಎಂಬ ಹೆಸರಾಂತ ಸಂದೇಶವಾಹಕ ಉಪಗ್ರಹವೂ ಈ ವಿಕಿರಣದಿಂದ ಜೀರ್ಣವಾಗಿ ಕೆಲವೇ ತಿಂಗಳುಗಳಲ್ಲಿ ಮೂಕವಾಯಿತು, ಅದೂ ಅಮೇರಿಕಾದ್ದೇ. ಹೀಗೆ ಶತ್ರುವಿಗಾಗಿ ಸಿದ್ಧಪಡಿಸಿದ ಅಸ್ತ್ರವು ಮಿತ್ರನ ಆಸ್ತಿಯನ್ನೂ ತನ್ನ ಆಸ್ತಿಯನ್ನೂ ಸುಟ್ಟಿತು.

ರಷ್ಯಾದವರು ಎರಡನೆಯ ವಿಧವನ್ನು ಹಿಡಿದರು. ೧೯೬೮ನೆಯ ಇಸವಿಯಿಂದ ಮೊದಲುಗೊಂಡು ೧೯೮೨ರ ವರೆಗೆ, ಬೇಟೆಯ ಕಕ್ಷೆಗೇ ಏರಿ ಅದರ ಸಮೀಪದಲ್ಲಿ ಸಿಡಿಯುವ ಉಪಗ್ರಹಗಳನ್ನು ಅವರು ಪುನಃ ಪುನಃ ಪರೀಕ್ಷಿಸಿದರು. ಅಮೇರಿಕಾದವರು ೧೯೮೫ನೆಯ ಸಪ್ಟೆಂಬರ್ ೧೩ರಂದು ಎಫ್-೧೫ ಎಂಬ ಯುದ್ಧವಿಮಾನದಿಂದ ಕ್ಷಿಪಣಿಯನ್ನು ಹಾರಿಸಿ, 'ಸೋಲ್‌ವಿಂಡ್' ಎಂಬ ತಮ್ಮ ಉಪಗ್ರಹವನ್ನು ಸುಮಾರು ೫೫೦ ಕಿಲೋಮೀಟರ್ ಎತ್ತರದಲ್ಲಿ ಒಡೆದರು. ಸೂರ್ಯನನ್ನು ನಿರೀಕ್ಷಿಸಲೆಂದು ೧೯೭೯ರಲ್ಲಿ ಕಳುಹಿಸಿದ್ದ ಉಪಗ್ರಹವದು. ಅದರಿಂದ ಎಣಿಕೆಗೆ ಸಿಕ್ಕಿದ ಚೂರುಗಳು ಮುನ್ನೂರಕ್ಕೆ ಸ್ವಲ್ಪ ಕಡಿಮೆ. ಅವುಗಳಲ್ಲಿ ಕಡೆಯದು ಕೆಳಗೆ ಬಿದ್ದದ್ದು ೨೦೦೪ರಲ್ಲಿ. ಕೆಲವೇ ನಿಮಿಷಗಳ ಹಾರಾಟದ ಫಲವು ತೀರುವುದಕ್ಕೆ ಹದಿನೆಂಟು ವರ್ಷಗಳು ಮಿಕ್ಕಿ ಬೇಕಾದವೆಂಬುದನ್ನು ವಾಚಕರು ಮನಗಾಣಬೇಕು.

ಚೂರುಗಳು ಇಷ್ಟು ಕಾಲ ಏಕೆ ಉಳಿಯುವವು? ಒಡೆದ ತುಂಡಿಗೂ ಒಡೆಯುವ ಮುಂಚಿನ ಉಪಗ್ರಹದ ವೇಗವೇ ಹೆಚ್ಚುಕಡಿಮೆ ಇರುವುದರಿಂದ ಅದೂ ಸುತ್ತುತ್ತಲೇ ಹೋಗುವುದು. ಅದನ್ನು ಕೆಳಕ್ಕೆ ಎಳೆದು ತರಬಲ್ಲ ಶಕ್ತಿ ಗಾಳಿಯ ಘರ್ಷಣೆಯೊಂದೇ. ೩೦೦ ಕಿಲೋಮೀಟರಿಗಿಂತ ಕೆಳಗೆ ಗಾಳಿಯು ತೆಳುವಾಗಿದ್ದರೂ ಇದ್ದೇ ಇದೆ. ಅಲ್ಲಿನ ಚೂರುಗಳು ಕೆಲವು ದಿನಗಳಲ್ಲಿಯೋ ತಿಂಗಳುಗಳಲ್ಲಿಯೋ ವೇಗಗುಂದಿ, ಕೆಳಗಿಳಿದು ಉರಿದುಹೋಗುವವು. ೫೦೦ ಕಿಲೋಮೀಟರ್ ಎತ್ತರದಲ್ಲಿ ಇದಕ್ಕೆ ವರ್ಷಗಳು ಬೇಕು. ೮೦೦ ಕಿಲೋಮೀಟರಿನಾಚೆಗೆ ದಶಕಗಳಿಂದ ಶತಮಾನಗಳ ವರೆಗೆ ಹಿಡಿಯುವುದು. ಹಾಸನದ ಕೇಂದ್ರವು ಕಾಯುತ್ತಿರುವ ಉಪಗ್ರಹಗಳ ಎತ್ತರದಲ್ಲಿಯಾದರೋ ಗಾಳಿಯೆಂಬುದೇ ಇಲ್ಲವಾಗಿ, ಒಂದು ಚೂರು ತಾನಾಗಿ ಎಂದಿಗೂ ಕೆಳಗೆ ಬೀಳದೆಂದೇ ಹೇಳಬೇಕು. ಆದಕಾರಣ ಇಂತಹ ಅಸ್ತ್ರಪ್ರಯೋಗದ ಕೆಡಕನ್ನು ಅಳೆಯುವ ಮುಖ್ಯವಾದ ಅಳತೆಗೋಲು ಎತ್ತರವೇ ಆಗಿದೆ.

ಚಿಕ್ಕ ಚೂರಿನಿಂದ ಏನಾದೀತು ಎಂದು ಕೇಳಬಹುದು. ಈ ಲೆಕ್ಕವನ್ನು ನಮ್ಮ ಹುಡುಗಿಯರೇ ಮಾಡಿ ನೋಡಬಹುದು. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿಯು ದೊರೆಯುವುದಷ್ಟೆ. ಕಕ್ಷೆಯಲ್ಲಿ ಎರಡು ವಸ್ತುಗಳು ಸೆಕೆಂಡಿಗೆ ೧೦ ಕಿಲೋಮೀಟರ್ ವೇಗದಲ್ಲಿ ಒಂದಕ್ಕೊಂದು ಢಿಕ್ಕಿ ಹೊಡೆಯುವುದುಂಟು. ಆ ವೇಗದಲ್ಲಿ ಬರುವ ಒಂದು ಗ್ರಾಂ ತೂಕದ ಚೂರಿನ ಶಕ್ತಿಯು ೫೦,೦೦೦ ಜೂಲುಗಳು. ಸಾವಿರ ಕಿಲೋಗ್ರಾಂ ತೂಕದ ಮೋಟಾರು ಕಾರು ಗಂಟೆಗೆ ೩೬ ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದರಲ್ಲಿರುವ ಶಕ್ತಿಯೂ ಇಷ್ಟೇ. ಉಗುರಿನಷ್ಟು ತಗಡು ಕಾರಿನಷ್ಟು ಪೆಟ್ಟು ಕೊಡುವುದೆಂದ ಮೇಲೆ, ಮುಷ್ಟಿಗಾತ್ರದ ತುಂಡು ಏನು ಮಾಡೀತೆಂಬುದನ್ನು ಊಹಿಸಬಹುದು. ಅಂತಹ ಪೆಟ್ಟಿನಿಂದ ಇನ್ನೊಂದು ಉಪಗ್ರಹವು ಒಡೆದರೆ ಅದರ ಚೂರುಗಳೂ ಸೇರಿಕೊಳ್ಳುವವು. ಅವು ಮತ್ತೊಂದನ್ನು ಒಡೆಯುವವು. ಹೀಗೆ ಚೂರಿನಿಂದ ಚೂರು ಹುಟ್ಟುವ ಸರಪಣಿಯು ಆರಂಭವಾಗಬಹುದೆಂದು ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಾಲೇ ಎಂಬ ಅಮೇರಿಕದ ವಿಜ್ಞಾನಿಗಳು ೧೯೭೮ರಲ್ಲಿಯೇ ಲೆಕ್ಕಹಾಕಿ ಎಚ್ಚರಿಸಿದ್ದರು.

ಆ ಎಚ್ಚರಿಕೆಯು ಕಿವಿಗೆ ಬಿದ್ದಿತಾದರೂ ಮನಸ್ಸಿಗೆ ಇಳಿಯಲಿಲ್ಲ. ೨೦೦೭ನೆಯ ಜನವರಿ ೧೧ರಂದು ಚೀನಾ ದೇಶದವರು ತಮ್ಮ 'ಫೆಂಗ್‌ಯುನ್-೧ಸಿ' ಎಂಬ ಹಳೆಯ ಹವಾಮಾನ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದರು. ಉಪಗ್ರಹದ ತೂಕವು ಮುಕ್ಕಾಲು ಟನ್ನಿನಷ್ಟು. ಎತ್ತರವು ೮೫೦ ಕಿಲೋಮೀಟರಿಗೂ ಮಿಕ್ಕಿತ್ತು. ಹುಟ್ಟಿದ ಚೂರುಗಳಲ್ಲಿ, ದೂರದಿಂದ ಹಿಂಬಾಲಿಸಿ ಲೆಕ್ಕವಿಡಬಹುದಾದಷ್ಟು ದೊಡ್ಡವೇ ಮೂರು ಸಾವಿರಕ್ಕೂ ಹೆಚ್ಚು. ಯಾವುದೇ ಒಂದು ಒಡಕಿನಿಂದ ಇಷ್ಟು ಚೂರುಗಳು ಹುಟ್ಟಿದುದು ಬೇರೆ ಇಲ್ಲ. ಅವುಗಳಲ್ಲಿ ಹೆಚ್ಚಿನ ಪಾಲು ಇಂದಿಗೂ ಸುತ್ತುತ್ತಲಿವೆ. ಹದಿನಾಲ್ಕು ವರ್ಷಗಳ ಮೇಲೆ, ೨೦೨೧ನೆಯ ನವಂಬರ್ ತಿಂಗಳಲ್ಲಿ, ಅವುಗಳಲ್ಲಿ ಒಂದು ಚೂರಿಗೆ ದಾರಿಬಿಡುವುದಕ್ಕಾಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ಸರಿಸಬೇಕಾಯಿತು. ಒಡೆದಾಗ ಹುಟ್ಟಿದ ಕೂಸು ಪ್ರೌಢಶಾಲೆಗೆ ಬರುವ ವಯಸ್ಸಾದರೂ ಆ ಚೂರು ತೀರಿರಲಿಲ್ಲ.

ಮರುವರ್ಷ, ೨೦೦೮ನೆಯ ಫೆಬ್ರವರಿಯಲ್ಲಿ, ಅಮೇರಿಕಾದವರು ತಮ್ಮ ಕೆಟ್ಟುಹೋದ 'ಯು.ಎಸ್.ಎ. ೧೯೩' ಎಂಬ ಉಪಗ್ರಹವನ್ನು ಯುದ್ಧನೌಕೆಯಿಂದ ಕ್ಷಿಪಣಿಯನ್ನು ಹಾರಿಸಿ ಒಡೆದರು. ಅದರೊಳಗಿನ ಹೈಡ್ರಜೀನ್ ಎಂಬ ವಿಷಕರವಾದ ಇಂಧನವು ಜನರ ಮೇಲೆ ಬೀಳಬಾರದೆಂಬುದು ಅವರು ಕೊಟ್ಟ ಕಾರಣ. ಇದು ನಡೆದದ್ದು ೨೫೦ ಕಿಲೋಮೀಟರಿನಷ್ಟು ತಗ್ಗಿನಲ್ಲಾದುದರಿಂದ, ೨೦೦೯ನೆಯ ಇಸವಿಯು ಮುಗಿಯುವುದರೊಳಗೆ ಎಣಿಕೆಯಲ್ಲಿದ್ದ ಚೂರುಗಳೆಲ್ಲ ಬಿದ್ದುಹೋದವು. ಚೀನಾದ ಪ್ರಯೋಗವನ್ನೂ ಇದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎತ್ತರದ ಮಹತ್ವವು ಯಾರಿಗಾದರೂ ಸ್ಪಷ್ಟವಾಗುವುದು.

ಇನ್ನು ನಮ್ಮ ದೇಶದ ಮಾತು. ೨೦೧೯ನೆಯ ಮಾರ್ಚ್ ೨೭ರಂದು ಭಾರತವು 'ಮಿಷನ್ ಶಕ್ತಿ' ಎಂಬ ಹೆಸರಿನಿಂದ ಇಂತಹ ಪ್ರಯೋಗವನ್ನು ನಡೆಸಿ, ಅಮೇರಿಕಾ, ರಷ್ಯಾ, ಚೀನಾ ಇವುಗಳ ತರುವಾಯ ಈ ಸಾಮರ್ಥ್ಯವುಳ್ಳ ನಾಲ್ಕನೆಯ ದೇಶವಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯವರು ಒಡಿಶಾದ ಕರಾವಳಿಯಾಚೆಗಿರುವ ಅಬ್ದುಲ್ ಕಲಾಂ ದ್ವೀಪದಿಂದ ಹಾರಿಸಿದ ಕ್ಷಿಪಣಿಯು, ಎರಡು ತಿಂಗಳ ಹಿಂದೆಯಷ್ಟೇ ಶ್ರೀಹರಿಕೋಟೆಯಿಂದ ಮೇಲೇರಿಸಿದ್ದ 'ಮೈಕ್ರೋಸ್ಯಾಟ್-ಆರ್' ಎಂಬ ೭೪೦ ಕಿಲೋಗ್ರಾಂ ತೂಕದ ನಮ್ಮದೇ ಉಪಗ್ರಹವನ್ನು, ಕೆಲವೇ ನಿಮಿಷಗಳಲ್ಲಿ ಮುಟ್ಟಿ ಒಡೆಯಿತು. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಿಂದ ಓಡುವ ಗುರಿಯನ್ನು ಹೀಗೆ ನೇರವಾಗಿ ಹೊಡೆಯುವುದು ಅಸಾಧಾರಣವಾದ ಗಣಿತವನ್ನೂ ಯಂತ್ರಕೌಶಲವನ್ನೂ ಬೇಡುವ ಕಾರ್ಯ. ನಮ್ಮ ವಿಜ್ಞಾನಿಗಳ ಜಾಣ್ಮೆಯನ್ನು ಮೆಚ್ಚದೆ ಇರಲಾಗದು.

ಚೂರುಗಳು ಬೇಗನೆ ಉರಿದುಹೋಗಲೆಂದು ೩೦೦ ಕಿಲೋಮೀಟರಿಗೂ ಕೆಳಗಣ ಎತ್ತರವನ್ನೇ ನಮ್ಮವರು ಆರಿಸಿಕೊಂಡಿದ್ದರು. ಇದು ಮೆಚ್ಚತಕ್ಕ ವಿವೇಕ. ಕೆಲವು ವಾರಗಳಲ್ಲಿ ಎಲ್ಲವೂ ತೀರುವುದೆಂಬ ಭರವಸೆಯೂ ಇತ್ತು. ಬಹುಪಾಲು ಚೂರುಗಳು ಹಾಗೆಯೇ ಬೇಗನೆ ತೀರಿದವು. ಆದರೆ ಢಿಕ್ಕಿಯ ರಭಸದಿಂದ ಕೆಲವು ತುಂಡುಗಳು ಮೇಲಕ್ಕೆ ಚಿಮ್ಮಲ್ಪಟ್ಟವು. ಪ್ರಯೋಗವಾದ ಕೆಲವು ದಿನಗಳಲ್ಲಿ ಅಮೇರಿಕಾದ ನಾಸಾ ಸಂಸ್ಥೆಯವರು, ತಾವು ಹಿಂಬಾಲಿಸುತ್ತಿದ್ದ ಸುಮಾರು ೬೦ ದೊಡ್ಡ ಚೂರುಗಳಲ್ಲಿ ೨೪ ಚೂರುಗಳ ದಾರಿಯು ಬಾಹ್ಯಾಕಾಶ ನಿಲ್ದಾಣದ ಎತ್ತರವನ್ನು ಮೀರಿ ಹೋಗುವುದೆಂದು ತಿಳಿಸಿದರು. ಎಣಿಕೆಯಲ್ಲಿದ್ದ ಚೂರುಗಳಲ್ಲಿ ಕಡೆಯದು ಬೀಳಲು ಮೂರು ವರ್ಷಗಳು ಮಿಕ್ಕಿ ಹಿಡಿದವು. ತಗ್ಗಿನಲ್ಲಿ ಎಚ್ಚರಿಕೆಯಿಂದ ಮಾಡಿದ ಪ್ರಯೋಗಕ್ಕೂ ಇಷ್ಟು ಶೇಷ ಉಳಿಯಿತು. ಹೊಡೆಯುವವನು ಗುರಿಯನ್ನೂ ಎತ್ತರವನ್ನೂ ಗಳಿಗೆಯನ್ನೂ ಆರಿಸಬಲ್ಲನು. ಚೂರುಗಳು ಹೋಗುವ ದಿಕ್ಕನ್ನು ಆರಿಸಲಾರನು.

ಇದಕ್ಕಿಂತ ಮನಸ್ಸಿಗೆ ನಾಟುವ ನಿದರ್ಶನವು ೨೦೨೧ನೆಯ ನವಂಬರ್ ೧೫ರಂದು ದೊರೆಯಿತು. ಆ ದಿನ ರಷ್ಯಾದವರು ೧೯೮೨ರಿಂದ ಕಕ್ಷೆಯಲ್ಲಿದ್ದ 'ಕಾಸ್ಮೋಸ್ ೧೪೦೮' ಎಂಬ ತಮ್ಮ ಸತ್ತ ಉಪಗ್ರಹವನ್ನು ಸುಮಾರು ೪೮೦ ಕಿಲೋಮೀಟರ್ ಎತ್ತರದಲ್ಲಿ ಒಡೆದರು. ಸಾವಿರದ ಐನೂರಕ್ಕೂ ಮಿಕ್ಕಿ ದೊಡ್ಡ ಚೂರುಗಳು ಹುಟ್ಟಿದವು. ಆಗ ಬಾಹ್ಯಾಕಾಶ ನಿಲ್ದಾಣದಲ್ಲಿ ಏಳು ಮಂದಿ ವಾಸವಾಗಿದ್ದರು. ಅವರನ್ನು ಎಚ್ಚರಿಸಿ, ಕೋಣೆಗಳ ಬಾಗಿಲುಗಳನ್ನು ಮುಚ್ಚಿಸಿ, ಅಪಾಯವಾದರೆ ಒಡನೆ ಭೂಮಿಗೆ ಹಿಂದಿರುಗಬಹುದಾದ ಪ್ರಯಾಣದ ನೌಕೆಗಳೊಳಗೆ ಆಶ್ರಯ ಪಡೆಯುವಂತೆ ಹೇಳಲಾಯಿತು. ಅವರಲ್ಲಿ ನಾಲ್ವರು ಅಮೇರಿಕಾದವರು, ಒಬ್ಬನು ಜರ್ಮನಿಯವನು. ಉಳಿದಿಬ್ಬರು ರಷ್ಯಾದವರೇ. ತಮ್ಮ ದೇಶದ ಸೈನ್ಯವು ಹೊಡೆದ ಪೆಟ್ಟಿನ ಚೂರುಗಳಿಗೆ ಅಂಜಿ ಆ ಇಬ್ಬರೂ ಇತರರಂತೆಯೇ ಅಡಗಿ ಕುಳಿತುಕೊಳ್ಳಬೇಕಾಯಿತು. ಸ್ವಪಕ್ಷ ಪರಪಕ್ಷಗಳೆಂಬ ಭೇದವು ಚೂರುಗಳಿಗೆ ಇಲ್ಲವೆಂದು ನಾವು ಆರಂಭದಲ್ಲಿ ಹೇಳಿದುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ಒಡೆಯದೆ ಕೆಡಿಸುವ ನಾಲ್ಕನೆಯ ವಿಧವು ಮೇಲಲ್ಲವೇ ಎಂದು ಕೇಳುವವರುಂಟು. ಅದರಿಂದ ಚೂರುಗಳು ಹುಟ್ಟುವುದಿಲ್ಲವೆಂಬುದು ನಿಜ. ಆದರೆ ಅದರ ಪೆಟ್ಟೂ ಗುರಿಯಲ್ಲಿಯೇ ನಿಲ್ಲುವುದಿಲ್ಲ. ೨೦೨೨ನೆಯ ಫೆಬ್ರವರಿ ೨೪ರಂದು ರಷ್ಯಾವು ಯುಕ್ರೇನಿನ ಮೇಲೆ ದಂಡೆತ್ತಿ ಹೋದ ಮುಂಜಾನೆ, 'ಕೆ.ಎ.-ಸ್ಯಾಟ್' ಎಂಬ ಉಪಗ್ರಹದ ಅಂತರ್ಜಾಲ ವ್ಯವಸ್ಥೆಗೆ ಯಾರೋ ಕಂಪ್ಯೂಟರಿನ ಮೂಲಕ ನುಗ್ಗಿ, ನೆಲದ ಮೇಲಿದ್ದ ಸಾವಿರಾರು ಗ್ರಾಹಕ ಯಂತ್ರಗಳನ್ನು ಕೆಡಿಸಿದರು. ಅದು ರಷ್ಯಾದವರ ಕೆಲಸವೆಂದು ಯುರೋಪಿನ ಒಕ್ಕೂಟವೂ ಅಮೇರಿಕಾವೂ ಬ್ರಿಟನ್ನೂ ಆ ಬಳಿಕ ಹೇಳಿದವು. ಯುಕ್ರೇನಿಗೆ ಗುರಿಯಿಟ್ಟ ಈ ಹೊಡೆತದಿಂದ ಯುದ್ಧಕ್ಕೆ ಸೇರದ ಜರ್ಮನಿಯಲ್ಲಿ ಸುಮಾರು ೫,೮೦೦ ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ಸಂಪರ್ಕವೇ ಕಡಿದುಹೋಯಿತು. ಒಂದೇ ಉಪಗ್ರಹವನ್ನು ಸೈನಿಕನೂ ರೈತನೂ ವೈದ್ಯನೂ ಉಪಯೋಗಿಸುತ್ತಿರುವ ಈ ಕಾಲದಲ್ಲಿ, ಸೈನಿಕನಿಗೆ ಮಾತ್ರ ತಗಲುವ ಪೆಟ್ಟೆಂಬುದು ದುರ್ಲಭ.

ಈ ಅಸ್ತ್ರಗಳ ಪರವಾಗಿ ಹೇಳುವ ಮಾತನ್ನೂ ನ್ಯಾಯವಾಗಿ ಕೇಳಬೇಕು. ಶತ್ರುವಿನ ಉಪಗ್ರಹವು ನಮ್ಮ ಸೈನ್ಯದ ಚಲನವಲನಗಳನ್ನು ನೋಡಿ ತನ್ನವರಿಗೆ ತಿಳಿಸುತ್ತಿರುವಾಗ ಅದನ್ನು ತಡೆಯುವುದು ಆತ್ಮರಕ್ಷಣೆಯಲ್ಲವೇ? ನಮ್ಮಲ್ಲಿಯೂ ಅಸ್ತ್ರವಿದೆಯೆಂದು ತಿಳಿದರೆ ಶತ್ರುವು ನಮ್ಮ ಉಪಗ್ರಹಗಳನ್ನು ಮುಟ್ಟಲು ಅಂಜುವನಲ್ಲವೇ? ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಸಾಮರ್ಥ್ಯವು ಇರುವುದು ಒಂದು, ಅದನ್ನು ತೋರಿಸಲು ಕಕ್ಷೆಯಲ್ಲಿ ಒಡೆಯುವುದು ಬೇರೊಂದು. ಹಾದಿಯ ಬಾವಿಗೆ ವಿಷ ಹಾಕಿದರೆ ಶತ್ರುವೂ ಕುಡಿಯಲಾರನು, ನಿಜ; ಹಾಕಿದವನ ಮಕ್ಕಳೂ ಕುಡಿಯಲಾರರು. ಉಪಗ್ರಹಗಳನ್ನು ಹೆಚ್ಚಾಗಿ ನೆಚ್ಚಿದ ದೇಶಕ್ಕೇ ಇದರಿಂದ ಹೆಚ್ಚು ನಷ್ಟ. ನಮ್ಮ ದೇಶವು ಅಂತಹ ದೇಶಗಳಲ್ಲೊಂದು.

ಇದನ್ನು ತಡೆಯುವ ಕಾನೂನು ಇಲ್ಲವೇ ಎಂದರೆ, ಅರ್ಧ ಮಾತ್ರ ಇದೆ. ಸ್ಟಾರ್‌ಫಿಶ್ ಪ್ರಯೋಗವಾದ ಮರುವರ್ಷ, ೧೯೬೩ರಲ್ಲಿ, ವಾಯುಮಂಡಲದಲ್ಲಿಯೂ ಬಾಹ್ಯಾಕಾಶದಲ್ಲಿಯೂ ನೀರಿನೊಳಗೂ ಅಣುಸ್ಫೋಟ ಮಾಡಬಾರದೆಂಬ ಒಪ್ಪಂದವಾಯಿತು. ಭಾರತವೂ ಅದಕ್ಕೆ ಸಹಿ ಹಾಕಿತು. ೧೯೬೭ರ ಬಾಹ್ಯಾಕಾಶ ಒಪ್ಪಂದವು ಅಣ್ವಸ್ತ್ರಗಳನ್ನೂ ಇತರ ಸಾಮೂಹಿಕ ವಿನಾಶದ ಅಸ್ತ್ರಗಳನ್ನೂ ಕಕ್ಷೆಯಲ್ಲಿ ಇಡಬಾರದೆಂದು ವಿಧಿಸಿತು. ಆದರೆ ನೆಲದಿಂದ ಹಾರಿ ಢಿಕ್ಕಿ ಹೊಡೆಯುವ ಸಾಮಾನ್ಯ ಕ್ಷಿಪಣಿಯನ್ನು ಅದು ನಿಷೇಧಿಸಲಿಲ್ಲ. ೧೯೭೨ರ ಹೊಣೆಗಾರಿಕೆಯ ಒಪ್ಪಂದದಂತೆ, ಕಕ್ಷೆಯಲ್ಲಿ ಒಂದು ದೇಶದ ವಸ್ತುವಿನಿಂದ ಇನ್ನೊಂದು ದೇಶದ ಉಪಗ್ರಹಕ್ಕೆ ನಷ್ಟವಾದರೆ, ತಪ್ಪು ಆ ದೇಶದ್ದೆಂದು ತೋರಿಸಿದ ಮೇಲೆ ಮಾತ್ರ ಪರಿಹಾರ. ಹೆಬ್ಬೆರಳಿನ ಗಾತ್ರದ ಚೂರು ಯಾರದೆಂದು ತೋರಿಸುವವರಾರು?

ಇತ್ತೀಚೆಗೆ ಒಂದು ಸಮಾಧಾನಕರವಾದ ಹೆಜ್ಜೆಯು ಇಡಲ್ಪಟ್ಟಿದೆ. ೨೦೨೨ನೆಯ ಎಪ್ರಿಲ್ ತಿಂಗಳಲ್ಲಿ ಅಮೇರಿಕಾವು, ಉಪಗ್ರಹಗಳನ್ನು ಒಡೆಯುವ ಕ್ಷಿಪಣಿಗಳ ಪರೀಕ್ಷೆಯನ್ನು ತಾನು ಮಾಡುವುದಿಲ್ಲವೆಂದು ಮಾತುಕೊಟ್ಟಿತು. ಅದೇ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಎಲ್ಲ ದೇಶಗಳೂ ಹಾಗೆಯೇ ಮಾಡಬೇಕೆಂದು ಕೇಳಿಕೊಳ್ಳುವ ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ ೧೫೫ ದೇಶಗಳೂ ವಿರೋಧವಾಗಿ ೯ ದೇಶಗಳೂ ಮತಕೊಟ್ಟವು. ತಟಸ್ಥವಾಗಿ ಉಳಿದ ೯ ದೇಶಗಳಲ್ಲಿ ಭಾರತವೂ ಒಂದು. ಈ ನಿರ್ಣಯವು ಯಾರನ್ನೂ ಕಟ್ಟಿಹಾಕದು. ಆದರೂ, ಯಾವುದನ್ನು ಮಾಡುವುದು ನಾಚಿಕೆಗೇಡೆಂದು ಬಹುಜನರು ಒಟ್ಟಿಗೆ ಹೇಳುವರೋ, ಅದು ಕಾಲಕ್ರಮದಲ್ಲಿ ನಿಂತುಹೋಗುವುದುಂಟು.

ಇಷ್ಟರಲ್ಲಿ ನಷ್ಟವನ್ನು ದಿನಂಪ್ರತಿ ತಡೆಯುವ ಕೆಲಸವು ಬೇರೆಯವರ ಪಾಲಿಗೆ ಬಂದಿದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ೨೦೨೫ನೆಯ ವರದಿಯಂತೆ, ಹಿಂಬಾಲಿಸಿ ಲೆಕ್ಕವಿಟ್ಟಿರುವ ಸುಮಾರು ೪೦,೦೦೦ ವಸ್ತುಗಳು ಭೂಮಿಯನ್ನು ಸುತ್ತುತ್ತಿದ್ದು, ಅವುಗಳಲ್ಲಿ ಕೆಲಸಮಾಡುವ ಉಪಗ್ರಹಗಳು ೧೧,೦೦೦ದಷ್ಟು ಮಾತ್ರ. ಉಳಿದವೆಲ್ಲ ಸತ್ತ ಉಪಗ್ರಹ, ಹಳೆಯ ರಾಕೆಟ್ಟಿನ ಭಾಗ ಮತ್ತು ಚೂರುಗಳು. ನಮ್ಮ ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯು ೨೦೨೨ರಲ್ಲಿ ಇದಕ್ಕೆಂದೇ ಒಂದು ಕೇಂದ್ರವನ್ನು ತೆರೆಯಿತು. ಭಾರತದ ಉಪಗ್ರಹಗಳ ದಾರಿಗೆ ಯಾವ ವಸ್ತುವು ಯಾವ ಗಳಿಗೆಯಲ್ಲಿ ಅಡ್ಡಬರುವುದೆಂದು ಅಲ್ಲಿ ಲೆಕ್ಕಹಾಕುತ್ತಾರೆ. ೨೦೨೩ನೆಯ ಒಂದೇ ವರ್ಷದಲ್ಲಿ ಇಸ್ರೋದವರು ಢಿಕ್ಕಿಯನ್ನು ತಪ್ಪಿಸಲೆಂದು ೨೩ ಸಲ ಉಪಗ್ರಹಗಳನ್ನು ಪಕ್ಕಕ್ಕೆ ಸರಿಸಬೇಕಾಯಿತು. ಹೀಗೆ ಸರಿಸಿದಾಗಲೆಲ್ಲ ಉಪಗ್ರಹದೊಳಗಿನ ಅಳತೆಯ ಇಂಧನವು ವ್ಯಯವಾಗುವುದು. ಇಂಧನ ತೀರಿದಂದು ಉಪಗ್ರಹದ ಸೇವೆಯೂ ತೀರುವುದು.

ಉಪಗ್ರಹವನ್ನು ಒಡೆದ ಸುದ್ದಿಯು ಇನ್ನೊಮ್ಮೆ ಯಾವ ದೇಶದಿಂದಲಾದರೂ ಬಂದರೆ, ಹೊಡೆದವರ ಧ್ವಜ ಯಾವುದೆಂದು ನೋಡಿ ಹಿಗ್ಗುವುದಕ್ಕಾಗಲಿ ಕುಗ್ಗುವುದಕ್ಕಾಗಲಿ ಮುಂಚೆ, ನಮ್ಮ ವಿದ್ಯಾರ್ಥಿನಿಯರು ಮೂರು ಪ್ರಶ್ನೆಗಳನ್ನು ಕೇಳಲೆಂದು ನಮ್ಮ ಕೋರಿಕೆ. ಎಷ್ಟು ಎತ್ತರದಲ್ಲಿ ಒಡೆದರು? ಎಷ್ಟು ಚೂರುಗಳಾದವು? ಅವು ಬೀಳಲು ಎಷ್ಟು ವರ್ಷಗಳು ಬೇಕು? ಈ ಮೂರಕ್ಕೂ ಉತ್ತರವನ್ನು ಹುಡುಕಲು ಬೇಕಾದ ಭೌತಶಾಸ್ತ್ರವೂ ಗಣಿತವೂ ನಮ್ಮ ಶಾಲೆಯ ಪಾಠಗಳಲ್ಲಿಯೇ ಮೊದಲಾಗುತ್ತವೆ. ಮುಂದೆ ಹಾಸನದಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತು ಚೂರುಗಳಿಗೆ ದಾರಿಬಿಡಿಸುವ ಲೆಕ್ಕವನ್ನು ಮಾಡುವವರಲ್ಲಿ ಈ ಶಾಲೆಯ ಹುಡುಗಿಯೂ ಒಬ್ಬಳಾಗಬಹುದು. ಆಗ ಅವಳು ಸರಿಸಬೇಕಾಗುವ ಚೂರುಗಳಲ್ಲಿ, ಅವಳು ಹುಟ್ಟುವುದಕ್ಕೂ ಮುಂಚೆ ಹೊಡೆದ ಪೆಟ್ಟಿನವೂ ಇರುವವು. ಇನ್ನು ಮುಂದಿನ ಚೂರುಗಳಾದರೂ ಅವುಗಳೊಂದಿಗೆ ಸೇರದಿರಲೆಂದು ಹಾರೈಸಿ, ಈ ಲೇಖನವನ್ನು ಇಲ್ಲಿಗೆ ಮುಗಿಸುವೆವು.